ಕಡಲು ಕೊಂಡೊಯ್ದ ಮಣ್ಣನ್ನು ರಫ್ತೆಂದು ನಮೂದಿಸುವ ಬಗ್ಗೆ

ಆಮದು-ರಫ್ತು ಸಮತೋಲನ ಇಲಾಖೆ
ತಬೊನ್‌ಮಾಯಿ ದ್ವೀಪ

ಸಂಖ್ಯೆ: ಆರಸ/ಮಣ್ಣು/ಹೊರಕ್ಕೆ/03 (ತಿದ್ದುಪಡಿಯ ತಿದ್ದುಪಡಿ)
ದಿನಾಂಕ: ಹುಣ್ಣಿಮೆ ಕಳೆದ ಮೂರನೆಯ ದಿನ (ಕಛೇರಿಯ ಕ್ಯಾಲೆಂಡರನ್ನು ಒಣಹಾಕಲಾಗಿದೆ)

ಸುತ್ತೋಲೆ

ವಿಷಯ: ಕಡಲು ಕೊಂಡೊಯ್ಯುವ ಮಣ್ಣು, ಮರಳು, ಮರ ಇತ್ಯಾದಿಗಳನ್ನು ದೇಶದ ರಫ್ತೆಂದು ನಮೂದಿಸುವ ಬಗ್ಗೆ, ಹಾಗೂ ಒಂದು ಒಂಟಿಗಾಲಿ ಕೈಗಾಡಿಯ ಬಗ್ಗೆ.

ಉಲ್ಲೇಖ:
1) ವಿದೇಶಿ ಸಲಹೆಗಾರರ ಪ್ರಶ್ನಾವಳಿ, ನಾಲ್ಕನೆಯ ಪುಟದ ಖಾಲಿ ಜಾಗ.
2) ತೆರಿಕಿನಾಂಗ್ ಗ್ರಾಮದ ನೇಯ್ (ಶ್ರೀಮತಿ) ರಕೆರಾ ಅವರ ಬಾಯಿಮಾತಿನ ಉತ್ತರ.
3) ಇದೇ ಕಛೇರಿಯ ಹಿಂದಿನ ಎರಡು ಸುತ್ತೋಲೆಗಳು (ಸದ್ಯ ಲಭ್ಯವಿಲ್ಲ, ಕಲಂ 9 ನೋಡುವುದು).

ಪ್ರಸ್ತಾವನೆ:

ನಮ್ಮ ದೇಶದ ಜಮಾಖರ್ಚು ನೋಡಿಹೋಗಲು ವರ್ಷಕ್ಕೊಮ್ಮೆ ವಿಮಾನದಲ್ಲಿ ಬರುವ ಸಲಹೆಗಾರರು ಈ ಸಲವೂ ಬಂದು, ಎಳನೀರು ಕುಡಿದು, ಸೊಳ್ಳೆಗಳ ವಿಚಾರ ಕೇಳಿ, "ನಿಮ್ಮಲ್ಲಿ ಅಕ್ಕಿ ಹೊರಗಿನದು, ಸಕ್ಕರೆ ಹೊರಗಿನದು, ಡಬ್ಬಿಯ ಮಾಂಸ ಹೊರಗಿನದು, ಡಬ್ಬಿ ಕೊರೆಯುವ ಕತ್ತಿಯೂ ಹೊರಗಿನದು. ಇಲ್ಲಿಂದ ಹೊರಗೆ ಹೋಗುವುದು ಏನಾದರೂ ಇದೆಯೇ?" ಎಂದು ಪ್ರಶ್ನಿಸಿರುತ್ತಾರೆ. ಕೊಬ್ಬರಿ ಎಂದು ಉತ್ತರಿಸಲು ಇಲಾಖೆಯು ಉದ್ದೇಶಿಸಿತ್ತಾದರೂ, ಕೊಬ್ಬರಿ ಗೋದಾಮಿನಲ್ಲಿ ಹಂದಿಗಳು ಸಂಸಾರ ಹೂಡಿರುವುದನ್ನು ಸಲಹೆಗಾರರು ಆಗಲೇ ಕಣ್ಣಾರೆ ಕಂಡಿದ್ದರು. ಮೀನು ಎನ್ನೋಣವೆಂದರೆ, ನಮ್ಮ ಕಡಲಿನ ಮೀನು ಹಿಡಿಯುವವರು ದೊಡ್ಡ ದೇಶಗಳ ಹಡಗಿನವರು. ಅವರು ಕೊಡುವ ಪರವಾನಗಿ ಶುಲ್ಕದಲ್ಲಿ ನಾವು ಅದೇ ಮೀನನ್ನು ಡಬ್ಬಿಯಲ್ಲಿ ಕೊಂಡು ತಿನ್ನುತ್ತೇವೆ.

ಆಗ ಇಲಾಖೆಯ ಮಾನ್ಯ ಕಾರ್ಯದರ್ಶಿಗಳಾದ ಕಬುರೋರೊ ಅವರು ಉತ್ತರ ಹುಡುಕುತ್ತ ಕಿಟಕಿಯಿಂದ ಹೊರಗೆ ನೋಡಲಾಗಿ, ಕಡಲು ಒಂದು ತೆಂಗಿನಮರವನ್ನು ಬುಡದ ಮಣ್ಣಿನ ಸಮೇತ ಎಳೆದುಕೊಂಡು ಹೋಗುತ್ತಿರುವುದು ಕಂಡುಬಂದಿತು. ಹೊರಗೆ ಹೋಗುವ ವಸ್ತುವೊಂದು ಕೊನೆಗೂ ಸಿಕ್ಕಿದ್ದಕ್ಕಾಗಿ ಕಛೇರಿಯಲ್ಲಿ ಚಪ್ಪಾಳೆ ತಟ್ಟಲಾಯಿತು. ಅದರಂತೆ ಎಲ್ಲ ಸಿಬ್ಬಂದಿಗೂ ಸಾರ್ವಜನಿಕರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಕಡಲು ಈ ದ್ವೀಪದಿಂದ ಕೊಂಡೊಯ್ಯುವ ಮಣ್ಣು, ಮರಳು, ಬೇಲಿ, ಮರ ಮುಂತಾದ ಸಮಸ್ತವನ್ನೂ ರಫ್ತು ಎಂದು ನಮೂದಿಸತಕ್ಕದ್ದು. ಹೋದ ಮೇಲೆ ತೂಗಲು ಸಾಧ್ಯವಿಲ್ಲವಾದ ಕಾರಣ, ಹೋಗುವುದಕ್ಕೆ ಮುಂಚೆಯೇ ಜಮೀನಿನವರು ತೂಗಿಟ್ಟಿರತಕ್ಕದ್ದು.

2. ಪೂರ್ತಿ ಬಿದ್ದ ತೆಂಗಿನಮರವನ್ನು "ರವಾನೆಯಾಗಿದೆ" ಎಂದೂ, ಕಡಲ ಕಡೆ ವಾಲಿದ್ದನ್ನು "ರವಾನೆಗೆ ಸಿದ್ಧ" ಎಂದೂ ಬರೆಯತಕ್ಕದ್ದು. ವಾಲಿದ ಮರಕ್ಕೆ ಹಗ್ಗ ಕಟ್ಟಿ ಎಳೆದು ನಿಲ್ಲಿಸುವುದು ಸರಕನ್ನು ತಡೆಹಿಡಿದ ಅಪರಾಧವಾಗುತ್ತದೆ.

3. ಹಿರಿಯರ ಸಮಾಧಿಗಳು ಕಡಲಿಗೆ ಹೋದಲ್ಲಿ ಅವನ್ನು ಸರಕಿನ ಕೆಳಗೆ ಬರೆಯುವುದು ಗೌರವವಲ್ಲ. ವಿದೇಶಕ್ಕೆ ಹೋದ ನಾಗರಿಕರ ಪಟ್ಟಿಯಲ್ಲಿ ಬರೆಯತಕ್ಕದ್ದು. ಆದರೆ ಹಡಗಿನ ಕೆಲಸಕ್ಕೆ ಹೋದ ನಮ್ಮ ಹುಡುಗರಂತೆ ಇವರು ಮನೆಗೆ ಹಣ ಕಳುಹಿಸುವರೆಂದು ಕುಟುಂಬದವರು ಕಾಯುವಂತಿಲ್ಲ.

4. ಉಬ್ಬರದಲ್ಲಿ ಕಡಲು ಒಮ್ಮೊಮ್ಮೆ ಮರಳನ್ನು ತಂದು ಹಾಕುವುದು ಇಲಾಖೆಯ ಗಮನಕ್ಕೆ ಬಂದಿದೆ. ಇದು ಆಮದು. ಯಾರ ಅಂಗಳದಲ್ಲಿ ಬಂದು ಬಿದ್ದಿತೋ ಅವರೇ ಸುಂಕ ಕಟ್ಟತಕ್ಕದ್ದು. ಕೇಳದೇ ಬಂದದ್ದು ಎಂಬ ವಾದವನ್ನು ಒಪ್ಪಲಾಗುವುದಿಲ್ಲ. ಸಲಹೆಗಾರರೂ ಕೇಳದೇ ಬಂದವರೇ, ಅವರ ಊಟದ ಖರ್ಚನ್ನು ಕೊಟ್ಟಿದ್ದೇವೆ.

5. ಹಿಂದಿನ ಸುತ್ತೋಲೆಗಳಿಂದಲೇ ಜಾರಿಯಲ್ಲಿರುವ ಮೇಲಿನ ಕ್ರಮಗಳಿಂದ ಒಂದೇ ತ್ರೈಮಾಸಿಕದಲ್ಲಿ ದೇಶದ ರಫ್ತು ಸೊನ್ನೆಯಿಂದ ಒಂಬೈನೂರು ಟನ್ನಿಗೆ ಏರಿದೆ. ಸಲಹೆಗಾರರು ಅಭಿನಂದನೆಯ ಪತ್ರ ಬರೆದು, ಇದೇ ವೇಗದಲ್ಲಿ ಮುಂದುವರಿದರೆ ಮೂವತ್ತು ವರ್ಷಗಳಲ್ಲಿ ದೇಶಕ್ಕೆ ಯಾವ ಕೊರತೆಯೂ ಇರುವುದಿಲ್ಲವೆಂದು ತಿಳಿಸಿರುತ್ತಾರೆ. ದೇಶ ಇರುತ್ತದೆಯೇ ಎಂಬುದು ಅವರ ನಮೂನೆಯಲ್ಲಿ ಕೇಳಿರುವ ಪ್ರಶ್ನೆಯಲ್ಲ. ತಾನೊಂದೇ ಇನ್ನೂರು ಟನ್ ಕಳೆದುಕೊಂಡ ಕುಟುಂಬಕ್ಕೆ ಮನೇಬಾ, ಅಂದರೆ ಊರ ಚಾವಡಿಯಲ್ಲಿ, ಹೂವಿನ ಕಿರೀಟ ತೊಡಿಸಲಾಯಿತು. ಸದರಿ ಕುಟುಂಬವು ಈಗ ಆ ಚಾವಡಿಯಲ್ಲೇ ವಾಸವಾಗಿದೆ.

6. ಇಷ್ಟೆಲ್ಲ ಪ್ರಗತಿಯ ನಡುವೆ ಒಂದು ಅಡ್ಡಿ ಕಂಡುಬಂದಿದೆ. ತೆರಿಕಿನಾಂಗ್ ಗ್ರಾಮದ ನೇಯ್ ರಕೆರಾ ಎಂಬ ಎಪ್ಪತ್ತೊಂದು ವರ್ಷದ ವಿಧವೆ ಕಡಲಿನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ ಬಬಾಯಿ ಎಂಬ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುವ ಗುಂಡಿಯೊಂದನ್ನು ಹೊಂದಿರುತ್ತಾರೆ. ಅದನ್ನು ಅವರ ಅಜ್ಜಿಯ ಅಜ್ಜಿ ಚಿಪ್ಪಿನಿಂದ ತೋಡಿದ್ದೆಂದೂ, ಅದರ ತಳದ ಸಿಹಿನೀರಿಗೆ ಒಂದೇ ಒಂದು ಸಲ ಉಪ್ಪುನೀರು ನುಗ್ಗಿದರೂ ಗೆಡ್ಡೆಗಳು ಕೊಳೆತು, ಆಮೇಲೆ ಹತ್ತು ವರ್ಷ ಏನೂ ಬೆಳೆಯುವುದಿಲ್ಲವೆಂದೂ ಗ್ರಾಮದವರು ಹೇಳಿರುತ್ತಾರೆ. ಈ ತಿಂಗಳ ಹುಣ್ಣಿಮೆಯ ಹಿರಿ ಉಬ್ಬರದಲ್ಲಿ ಸದರಿ ಗುಂಡಿಯಿಂದ ನಲವತ್ತು ಟನ್ ರಫ್ತಾಗುವುದೆಂದು ಇಲಾಖೆಯು ಮುಂಗಡವಾಗಿ ಲೆಕ್ಕಕ್ಕೆ ಹಿಡಿದಿತ್ತು. ಹೀಗಿರುವಾಗ ಆಕೆಯು ಒಂಟಿಗಾಲಿ ಕೈಗಾಡಿಯಲ್ಲಿ ದಿನವೂ ಹವಳದ ಕಲ್ಲು ತಂದು ಗುಂಡಿಯ ಸುತ್ತ ಪೇರಿಸುತ್ತಿರುವುದು ರಫ್ತಿನ ವಿರುದ್ಧ ನಡೆಸಿದ ನೇರ ಕಾರ್ಯಾಚರಣೆಯಾಗಿರುತ್ತದೆ.

ಈ ಬಗ್ಗೆ ನೋಟೀಸು ಜಾರಿಮಾಡಲಾಗಿ, ಆಕೆಯು ನೀಡಿದ ಉತ್ತರವನ್ನು ಇಲಾಖೆಯ ಜವಾನರು ಕೇಳಿದಂತೆಯೇ ಬರೆದು ತಂದಿರುತ್ತಾರೆ: "ಆ ಕಾಗ್ದ ಇತ್ಲಾಗೆ ಕೊಡು ಮಗಾ, ಮೀನು ಸುಡೋಕೆ ಒಲೆ ಹತ್ತಿಸ್ಬೇಕು. ಅಲ್ಲಾ, ಕಡ್ಲು ಇಷ್ಟು ದಿವ್ಸ ತಗೊಂಡು ಹೋಯ್ತಲ್ಲ, ಒಂದು ದಿನಾನಾದ್ರೂ ದುಡ್ಡು ಕೊಡ್ತಾ? ಕೊಡ್ದೆ ಹೊತ್ಕೊಂಡು ಹೋದ್ರೆ ನಾವು ಕಳ್ತನ ಅಂತೀವಪ್ಪ. ನೀವು ಓದಿದೋರು, ರಫ್ತು ಅಂತೀರಿ. ಕೂತ್ಕೋ, ಊಟ ಮಾಡ್ಕೊಂಡು ಹೋಗು." ಈ ಉತ್ತರವನ್ನು ಪರಿಶೀಲಿಸಲಾಗಿದೆ. ಸರಕಿಗೆ ಬೆಲೆ ಬಂದಿಲ್ಲವೆಂಬುದು ನಿಜ. ಆದರೆ ನಮ್ಮ ಸರಕಿಗೆ ಬೆಲೆ ಬಾರದಿರುವುದು ಈ ದೇಶದಲ್ಲಿ ಹೊಸ ಸಂಗತಿಯೇನಲ್ಲವಾದ್ದರಿಂದ ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ.

7. ಸದರಿ ಕೈಗಾಡಿಯನ್ನು ವಶಪಡಿಸಿಕೊಳ್ಳಲು ಹುಣ್ಣಿಮೆಗೆ ಎಂಟು ದಿನ ಮುಂಚೆ ಮಾನ್ಯ ಕಾರ್ಯದರ್ಶಿಗಳು ಖುದ್ದಾಗಿ ತೆರಳಿದ್ದರು. ಅಲ್ಲಿ ಅವರಿಂದ ಒಂದು ಲೋಪ ಸಂಭವಿಸಿದೆ. ನಿಂತುಕೊಂಡೇ ಆದೇಶ ಓದಬೇಕಾಗಿದ್ದ ಅವರು, ಬಿಸಿಲು ಹೆಚ್ಚಾಗಿದ್ದರಿಂದ ಚಾಪೆಯ ಮೇಲೆ ಕುಳಿತರು. ಕುಳಿತ ಮೇಲೆ ಸುಟ್ಟ ಮೀನು ತಿಂದರು. ತೆಂಗಿನಹಾಲಿನಲ್ಲಿ ಬೆಂದ ಬಬಾಯಿಯನ್ನು ಎರಡು ಸಲ ಹಾಕಿಸಿಕೊಂಡರು. ಅಷ್ಟರಲ್ಲಿ ನೇಯ್ ರಕೆರಾ ಅವರು ತಮ್ಮ ತಾಯಿಯ ಚಿಕ್ಕಮ್ಮನೆಂಬುದು ಮಾತಿಗೆ ಮಾತು ಬಂದು ಹೊರಬಿದ್ದಿತು. ಆದೇಶದ ಕಾಗದ ತಾವು ಕುಳಿತ ಜಾಗದಲ್ಲೇ ಕೆಳಗೆ ಸಿಕ್ಕಿಕೊಂಡಿದ್ದರಿಂದ, ಕಾರ್ಯದರ್ಶಿಗಳು ಕೈತೊಳೆದುಕೊಳ್ಳುತ್ತ, "ಅಜ್ಜೀ, ನಿನ್ನ ಆ ಗಾಡಿ ನನಗೆ ಬೇಕಾಗಿತ್ತಲ್ಲ" ಎಂದುಬಿಟ್ಟರು.

ಬಂಧುಗಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನಬಾರದೆಂಬ ಬುಬುತಿ ಪದ್ಧತಿ ನಮ್ಮಲ್ಲಿ ಇರುವುದು ಎಲ್ಲರಿಗೂ ತಿಳಿದಿದೆ. ಸರ್ಕಾರಿ ಜಪ್ತಿಯು ಹೀಗೆ ನೆಂಟನ ಕೋರಿಕೆಯಾಗಿ ಮಾರ್ಪಟ್ಟಿತು. ಆಕೆಯು ಒಂದು ಮಾತೂ ಎದುರಾಡದೆ, "ತಗೊಂಡು ಹೋಗಪ್ಪ. ಗಾಲಿ ಕಿರ್ರ್ ಅನ್ನುತ್ತೆ, ಒಂಚೂರು ಎಣ್ಣೆ ಹಾಕ್ಸು" ಎಂದು ಕೊಟ್ಟು ಕಳುಹಿಸಿರುತ್ತಾರೆ. ಕಾರ್ಯದರ್ಶಿಗಳು ಇದನ್ನು ಇಲಾಖೆಯ ಜಯವೆಂದು ಭಾವಿಸಿ ಸಂಜೆ ಸಿಬ್ಬಂದಿಗೆ ಬಿಸ್ಕತ್ತು ಹಂಚಿಸಿದರು.

8. ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ನೇಯ್ ರಕೆರಾ ಅವರು ಚಾಪೆ ಸಮೇತ ಕಛೇರಿಗೆ ಬಂದು ಜಗುಲಿಯಲ್ಲಿ ಕುಳಿತರು. ಕಾರ್ಯದರ್ಶಿಗಳು ಸಭೆಯಲ್ಲಿದ್ದಾರೆಂದು ತಿಳಿಸಲಾಯಿತು. ಆಕೆ ತೆಂಗಿನಗರಿ ಹೆಣೆಯುತ್ತ ಕುಳಿತರು. ಕಾರ್ಯದರ್ಶಿಗಳು ಹಿಂಬಾಗಿಲಿಲ್ಲದ ಕಟ್ಟಡದಲ್ಲಿ ಎಷ್ಟು ಹೊತ್ತು ಸಭೆ ನಡೆಸಬಹುದೋ ಅಷ್ಟು ಹೊತ್ತು ಒಬ್ಬರೇ ಸಭೆ ನಡೆಸಿ, ನಾಲ್ಕು ಗಂಟೆಗೆ ಹೊರಬಂದರು. ಆಗ ಆಕೆಯು ಸಮಸ್ತ ಸಿಬ್ಬಂದಿಯ ಎದುರು, "ಮಗಾ, ನಿನ್ನ ಆಫೀಸಿನ ಸುತ್ತ ಇರೋ ತಡೆಗೋಡೆ ಕಲ್ಲು ನನಗೆ ಬೇಕು. ಸಾಗ್ಸೋಕೆ ಒಂದು ಕೈಗಾಡೀನೂ ಬೇಕು" ಎಂದು ಕೇಳಿರುತ್ತಾರೆ.

ಕಾನೂನು ಸಲಹೆ ಪಡೆಯಲಾಯಿತು. ತಾನು ಕೇಳಿ ಪಡೆದವನು ತಿರುಗಿ ಕೊಡುವುದಿಲ್ಲವೆನ್ನಲು ಸಂವಿಧಾನದಲ್ಲಿ ಅವಕಾಶವಿದೆ, ಊರಿನಲ್ಲಿ ಇಲ್ಲ ಎಂದು ಕಾನೂನು ಅಧಿಕಾರಿ ಅಭಿಪ್ರಾಯ ನೀಡಿದರು. ಬೆರಳಚ್ಚುಗಾರ್ತಿ ನೇಯ್ ಟೆಬೆರಾ ಅವರು, "ಹೂಂ ಅಂದ್ಬಿಡಿ ಸಾರ್. ನಾಳೆ ನಿಮ್ಮ ಮಗಳ ಮದುವೆಗೆ ಚಾಪೆ ಯಾರ ಮನೇಲಿ ಕೇಳ್ತೀರಾ?" ಎಂದು ಟಿಪ್ಪಣಿ ಸೇರಿಸಿದರು. ಎರಡೂ ಅಭಿಪ್ರಾಯಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಕೋರಿಕೆಯನ್ನು ಮಂಜೂರು ಮಾಡಲಾಗಿದೆ. ಅದರ ಸಂಬಂಧ ಕೆಳಕಂಡ ನಿಯಮಗಳು ಅನ್ವಯಿಸುತ್ತವೆ:

(ಅ) ತಡೆಗೋಡೆಯು ನೆರವಿನ ಹಣದಲ್ಲಿ ಕಟ್ಟಿದ್ದಾದ್ದರಿಂದ, ನೆರವು ಕೊಟ್ಟ ದೇಶದ ಹೆಸರು ಕೆತ್ತಿದ ಕಲ್ಲನ್ನು ಮಾತ್ರ ಕೀಳದೆ ಹಾಗೇ ಬಿಡತಕ್ಕದ್ದು. ಅದು ಈಗ ಕಛೇರಿಯ ಮುಂದೆ ಒಂದೇ ನಿಂತು ಕಡಲನ್ನು ತಡೆಯುತ್ತಿದೆ.

(ಆ) ಒಂದು ಸಲಕ್ಕೆ ಆರು ಕಲ್ಲು. ಕೈಗಾಡಿಯನ್ನು ಸಿಬ್ಬಂದಿ ಸರದಿಯ ಮೇಲೆ ತಳ್ಳತಕ್ಕದ್ದು. ವರಸೆಯಲ್ಲಿ ಮೊಮ್ಮಗನಾದ ಕಾರ್ಯದರ್ಶಿಗಳು ಮಧ್ಯಾಹ್ನದ ಬಿಸಿಲಿನ ಸರದಿಯನ್ನು ವಹಿಸಿಕೊಳ್ಳುವುದು.

(ಇ) ಕಾರ್ಯದರ್ಶಿಗಳು ಗಾಡಿ ತಳ್ಳುವಾಗ ದಾರಿಯ ಬದಿಯಲ್ಲಿ ನಿಂತು "ಏನ್ ಸಾರ್, ಇದು ಯಾವ ದೇಶಕ್ಕೆ ರಫ್ತು?" ಎಂದು ಕೂಗುವುದನ್ನು ನಿಷೇಧಿಸಲಾಗಿದೆ. ಮೂರನೆಯ ದಿನದಿಂದ ಕೂಗಿದವರನ್ನು ಗಾಡಿಗೆ ಹಚ್ಚಲಾಗಿದೆ. ಕೂಗು ನಿಂತಿದೆ, ಕೆಲಸ ಬೇಗ ಮುಗಿದಿದೆ.

9. ಹುಣ್ಣಿಮೆಯ ಉಬ್ಬರವು ನಿಗದಿತ ವೇಳೆಗೆ ಬಂದಿತು. ತಡೆಗೋಡೆ ಇಲ್ಲದ ಕಾರಣ ಕಡಲು ಇಲಾಖೆಯ ಮೆಟ್ಟಿಲು, ಸೈಕಲ್ ನಿಲ್ದಾಣ, ಎರಡು ಬೀರು, ಹಿಂದಿನ ಸುತ್ತೋಲೆಗಳು ಹಾಗೂ ರಫ್ತಿನ ದಾಖಲೆ ಪುಸ್ತಕ ಒಂದರಿಂದ ಮೂರರವರೆಗೆ, ಇವುಗಳನ್ನು ಕೊಂಡೊಯ್ದಿದೆ. ಕಲಂ 1ರ ಪ್ರಕಾರ ಇವೆಲ್ಲವೂ ರಫ್ತು. ರಫ್ತನ್ನು ಬರೆದಿಟ್ಟ ಪುಸ್ತಕವೇ ರಫ್ತಾಗಿರುವುದರಿಂದ ಒಟ್ಟು ರಫ್ತು ಎಷ್ಟೆಂದು ಹೇಳಲು ಬರುವುದಿಲ್ಲ. ಹೆಚ್ಚಾಗಿದೆ ಎಂದಷ್ಟೇ ಹೇಳಬಹುದು. ಸಲಹೆಗಾರರಿಗೆ ತಂತಿಯ ಮೂಲಕ ಹಾಗೆಯೇ ತಿಳಿಸಲಾಗಿ, ಅವರು ಮತ್ತೊಮ್ಮೆ ಅಭಿನಂದಿಸಿರುತ್ತಾರೆ.

10. ಇನ್ನು ಮುಂದೆ ಸರ್ಕಾರಿ ಕೆಲಸದ ಮೇಲೆ ಹೋದ ಯಾವ ಅಧಿಕಾರಿಯೂ ಚಾಪೆಯ ಮೇಲೆ ಕೂರತಕ್ಕದ್ದಲ್ಲ. ಕೂತರೆ ತಿನ್ನತಕ್ಕದ್ದಲ್ಲ. ತಿನ್ನಲೇಬೇಕಾಗಿ ಬಂದರೆ, ಏಳುವವರೆಗೂ ಬಾಯಿ ತುಂಬ ತುತ್ತು ಇಟ್ಟುಕೊಂಡಿದ್ದು, ಮಾತು ಹೊರಬರದಂತೆ ನೋಡಿಕೊಳ್ಳತಕ್ಕದ್ದು. ನೆಂಟರಲ್ಲದವರ ಮನೆಗೆ ಮಾತ್ರ ಅಧಿಕಾರಿಗಳನ್ನು ಕಳುಹಿಸುವ ಪ್ರಸ್ತಾವವೂ ಇತ್ತು. ಅಂಥ ಮನೆ ಈ ದ್ವೀಪದಲ್ಲಿ ಸಿಗಲಿಲ್ಲ.

11. ನೇಯ್ ರಕೆರಾ ಅವರ ಗುಂಡಿಯನ್ನು ಉಬ್ಬರ ಇಳಿದ ಮೇಲೆ ಪರಿಶೀಲಿಸಲಾಗಿದೆ. ಕಟ್ಟೆ ನಿಂತಿದೆ. ಮಾನ್ಯ ಕಾರ್ಯದರ್ಶಿಗಳು ಗುಂಡಿಗೆ ಇಳಿದು, ತಳದ ನೀರನ್ನು ಬೊಗಸೆಯಲ್ಲಿ ಕುಡಿದು ನೋಡಿ, ಸಿಹಿಯಾಗಿದೆ ಎಂದು ದೃಢೀಕರಿಸಿರುತ್ತಾರೆ. ದೃಢೀಕರಿಸಿದ ಮೇಲೆ ಇನ್ನೊಂದು ಬೊಗಸೆ ಕುಡಿದರೆಂದು ಜವಾನರ ವರದಿಯಲ್ಲಿದೆ. ಕಾರಣವನ್ನು ವರದಿಯಲ್ಲಿ ತೋರಿಸಿಲ್ಲ. ನಿರೀಕ್ಷಿತ ನಲವತ್ತು ಟನ್ ರಫ್ತು ಹೀಗೆ ದೇಶದ ಕೈತಪ್ಪಿ ದೇಶದಲ್ಲೇ ಉಳಿದಿದೆ.

12. ಮೆಟ್ಟಿಲಿಲ್ಲದ ಕಛೇರಿಯನ್ನು ಹತ್ತಲು ಬರುವುದಿಲ್ಲವಾದ್ದರಿಂದ, ಮುಂದಿನ ಆದೇಶದವರೆಗೆ ಇಲಾಖೆಯು ನೇಯ್ ರಕೆರಾ ಅವರ ಮನೆಯ ಚಾಪೆಯ ಮೇಲೆ ಕಾರ್ಯನಿರ್ವಹಿಸುವುದು. ಕಲಂ 10ನ್ನು ಆ ಮಟ್ಟಿಗೆ ಸಡಿಲಿಸಲಾಗಿದೆ. ಸಂಬಳದ ಹಣ ಬರುವ ಹಡಗು ತಡವಾಗಿರುವುದರಿಂದ, ಹನ್ನೊಂದು ಮಂದಿ ಸಿಬ್ಬಂದಿಗೆ ಎರಡು ಹೊತ್ತಿನ ಬಬಾಯಿ, ಮೀನು ಸದರಿ ಮನೆಯಿಂದಲೇ ಒದಗುತ್ತಿದೆ. ಇದನ್ನು ಲೆಕ್ಕದಲ್ಲಿ ತೋರಿಸುವುದು ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಸಲಹೆಗಾರರ ನಮೂನೆಯಲ್ಲಿ ನಮಗೆ ಬರುವ ನೆರವಿಗೆ ಇರುವುದು ಒಂದೇ ಅಂಕಣ. ಆದ್ದರಿಂದ ನೇಯ್ ರಕೆರಾ ಅವರನ್ನು ವಿದೇಶವೆಂದು ಪರಿಗಣಿಸಿ, ಆಕೆಯ ಊಟವನ್ನು ವಿದೇಶಿ ನೆರವು ಎಂದು ನಮೂದಿಸತಕ್ಕದ್ದು. ಮಿಕ್ಕ ವಿದೇಶಗಳಂತೆ ಆಕೆ ಬಡಿಸುವ ಮುಂಚೆ ಪ್ರಶ್ನಾವಳಿ ಕೊಡದಿರುವುದು ಒಂದು ಲೋಪ. ಸರಿಪಡಿಸಿಕೊಳ್ಳುವಂತೆ ಆಕೆಗೆ ತಿಳಿಸಲಾಗಿ, "ಮೊದ್ಲು ಎಲೆ ಮುಂದೆ ಕೂತ್ಕೊಳ್ರಪ್ಪ" ಎಂಬ ಉತ್ತರ ಬಂದಿದೆ.

ಮೇಲ್ಕಂಡ ಎಲ್ಲವೂ ಮುಂದಿನ ಉಬ್ಬರದವರೆಗೆ ಜಾರಿಯಲ್ಲಿರುತ್ತದೆ.

ಸಹಿ/-
(ಕಬುರೋರೊ)
ಕಾರ್ಯದರ್ಶಿ
ಆಮದು-ರಫ್ತು ಸಮತೋಲನ ಇಲಾಖೆ
ಶಿಬಿರ: ಬಬಾಯಿ ಗುಂಡಿಯ ಪಕ್ಕ, ತೆರಿಕಿನಾಂಗ್
(ಮೊಹರು ರಫ್ತಾಗಿದೆ)

ಪ್ರತಿಗಳು:
1. ವಿದೇಶಿ ಸಲಹೆಗಾರರಿಗೆ: ಕಲಂ 1ರಿಂದ 5 ಮಾತ್ರ.
2. ನೆರವು ಕೊಟ್ಟ ದೇಶದ ಪ್ರತಿನಿಧಿಗೆ: ತಮ್ಮ ಹೆಸರಿನ ಕಲ್ಲು ಸುರಕ್ಷಿತವಾಗಿದೆಯೆಂಬ ಮಾಹಿತಿಯೊಂದಿಗೆ.
3. ಊರ ಚಾವಡಿಯಲ್ಲಿರುವ ಕಿರೀಟಧಾರಿ ಕುಟುಂಬಕ್ಕೆ: ತಮ್ಮ ಜಮೀನಿಗೆ ಕಲ್ಲು ಸಾಗಿಸಿಕೊಳ್ಳಲು ಗಾಡಿಯ ಮುಂದಿನ ಸರದಿ ತಮ್ಮದೆಂಬ ತಿಳುವಳಿಕೆಯೊಂದಿಗೆ.
4. ನೇಯ್ ರಕೆರಾ ಅವರಿಗೆ: ಕೈಗಾಡಿ ಸಹಿತ. ಗಾಲಿಗೆ ಎಣ್ಣೆ ಹಾಕಿಸಲಾಗಿದೆ.
5. ಕಛೇರಿ ಪ್ರತಿ: ಕಡಲಿನ ಬಳಿ ಇದೆ.