ನಮ್ಮ ಯೂನಿಯನ್ ಮೇಲೆ ನಮ್ಮದೇ ಕೇಸು

ವಿಮಾನ ಓಡಿಸುವವನಿಗೆ ಆಕಾಶದಲ್ಲಿ ಭಯವಾಗುವುದಿಲ್ಲವೇ ಅಂತ ನಮ್ಮೂರು ಉಡುಪಿಗೆ ಹೋದಾಗಲೆಲ್ಲ ಕೇಳುತ್ತಾರೆ. ಅಯ್ಯೋ, ನನಗೆ ಭಯವಾಗುವುದೆಲ್ಲ ಕೆಲಸದ ಸೀನಿಯಾರಿಟಿ ವಿಷಯದಲ್ಲೇ.

ಫೋನು

ಫ್ರಾಂಕ್‌ಫರ್ಟ್‌ನ ನಮ್ಮ ಸಣ್ಣ ಏರ್‌ಲೈನನ್ನು ದೊಡ್ಡದೊಂದು ಕೊಂಡುಕೊಂಡಿತು. ಎರಡೂ ಕಡೆಯ ಪೈಲಟ್‌ಗಳಿಗೆ ಯೂನಿಯನ್ ಒಂದೇ. ಎರಡು ಸೀನಿಯಾರಿಟಿ ಪಟ್ಟಿಗಳನ್ನು ಒಂದು ಮಾಡುವಾಗ ಆ ಯೂನಿಯನ್ನೇ ನಮ್ಮವರನ್ನೆಲ್ಲ ತಳಕ್ಕೆ ತಳ್ಳಿತು. ನನಗೆ ಹಾರಾಟ ಕಲಿಸಿದ, ತಲೆ ನರೆತ ಕ್ಯಾಪ್ಟನ್ ಆ ಕಡೆಗೆ ನಿನ್ನೆ ಮೊನ್ನೆ ಬಂದ ಹುಡುಗರಿಗಿಂತ ಕೆಳಗೆ! ಕೆಲಸದಿಂದ ತೆಗೆಯುವುದು ತಳದಿಂದ. ನನಗೆ ನಿದ್ದೆ ಹಾರಿಹೋಯಿತು.

ಯೂನಿಯನ್ ಮೇಲೆ ಕೇಸು ಹಾಕೋಣ ಅಂದರು ಕ್ಯಾಪ್ಟನ್. ಸದಸ್ಯರಿಗೆ ವಕೀಲರನ್ನು ಕೊಡುವುದೂ ಯೂನಿಯನ್ನೇ. ಇವರು ಹುಂಬತನದಿಂದ ಅಲ್ಲಿಗೇ ಫೋನು ಮಾಡಿದರು.

"ದೂರು ಯಾರ ಮೇಲೆ?" ಅಂತ ಒಬ್ಬ ಹುಡುಗಿ ಕೇಳಿದಳು.

"ನಿಮ್ಮ ಮೇಲೇ."

"ನನ್ನ ಮೇಲಾ? ನಾನು ಕೆಲಸಕ್ಕೆ ಸೇರಿದ್ದೇ ಸೋಮವಾರ!"

ಶಾಲೆ

ಕೊನೆಗೆ ಹೊರಗಿನ ವಕೀಲರನ್ನು ಹಿಡಿದೆವು. ಸಹಿ ಹಾಕುವ ಮುಂಚೆ ನಾನು ಕಾಗದವನ್ನು ಮೂರು ಸಲ ಓದಿದೆ. ಕೆಲಸ ಹೋದರೆ ಫ್ರಾಂಕ್‌ಫರ್ಟ್ ಪಕ್ಕದ ಎಷ್‌ಬಾರ್ನ್‌ನ ಮನೆ ಬಿಡಬೇಕು, ಮಗಳ ಶಾಲೆ ಬಿಡಿಸಬೇಕು.

ಒಂದು ದಿನ ಮಗಳ ಟೀಚರ್ ನನ್ನ ಹೆಂಡತಿಯನ್ನು ಕರೆಸಿ, "ಮನೆಯಲ್ಲಿ ಎಲ್ಲ ಸರಿಯಿದೆಯಾ? ಯಜಮಾನರಿಗೆ ಸಹಾಯ ಬೇಕಾ?" ಅಂತ ಮೆಲ್ಲಗೆ ಕೇಳಿದರಂತೆ. ಅಪ್ಪ ಏನು ಮಾಡುತ್ತಾರೆ ಅಂದದ್ದಕ್ಕೆ ಮಗಳು "ಅಪ್ಪ ಕ್ಲಾಗ್ಟ್" ಅಂದಿದ್ದಾಳೆ. ಜರ್ಮನ್‌ನಲ್ಲಿ ಅದಕ್ಕೆ ದಾವೆ ಹೂಡುತ್ತಾರೆ ಅಂತಲೂ ಅರ್ಥ, ಗೋಳಾಡುತ್ತಾರೆ ಅಂತಲೂ ಅರ್ಥ.

"ನೀನು ಸರಿಮಾಡಿ ಹೇಳಿದೆ ತಾನೇ?" ಅಂದೆ.

"ಏನು ಸರಿಮಾಡಲಿ? ಎರಡೂ ನಿಜವೇ ಅಲ್ವಾ!"

ಕೋರ್ಟು

ವಿಚಾರಣೆಯ ದಿನ ನಾನು ಕ್ಯಾಪ್ಟನ್ ಹಿಂದೆ ಅವಿತು ಕೂತಿದ್ದೆ. ನ್ಯಾಯಾಧೀಶೆ ಕನ್ನಡಕ ಏರಿಸಿ ಕೇಳಿದರು: "ಪೈಲಟ್‌ಗಳ ಪರವಾಗಿ ಮಾತಾಡಬೇಕಾದವರು ಯಾರು?"

ಕ್ಯಾಪ್ಟನ್ ಯೂನಿಯನ್‌ನವರು ಕೂತಿದ್ದ ಎದುರು ಬೆಂಚಿನ ಕಡೆ ಕೈ ತೋರಿಸಿದರು. "ಅವರೇ."

"ಮತ್ತೆ ಅವರು ಯಾಕೆ ಆ ಕಡೆ ಕೂತಿದ್ದಾರೆ?"

"ಅದೇ ನಮ್ಮ ಕೇಸು ಮೇಡಂ!"

ಹಾರಾಟ

ಕೊನೆಗೆ ರಾಜಿಯಾಯಿತು. ನಮ್ಮವರನ್ನೂ ಕೂರಿಸಿಕೊಂಡು ಪಟ್ಟಿ ಹೊಸದಾಗಿ ಮಾಡಿದರು, ನನ್ನ ಕೆಲಸ ಉಳಿಯಿತು. ಆದರೆ ಅದಕ್ಕೂ ಮುಂಚೆ, ಕೇಸು ನಡೆಯುತ್ತಿರುವಾಗಲೇ, ಒಂದು ಬೆಳಿಗ್ಗೆ ನನ್ನ ಡ್ಯೂಟಿ ಬಿದ್ದದ್ದು ಆ ವಿಮಾನದ ಕ್ಯಾಪ್ಟನ್ ಆಗಿದ್ದ ಯೂನಿಯನ್ ಪದಾಧಿಕಾರಿಯೊಬ್ಬರ ಪಕ್ಕದ ಸೀಟಿಗೆ. ಆರಡಿ ಎತ್ತರದ ಆಸಾಮಿ, ಹುಬ್ಬು ಗಂಟು. ಮೇಲೇರುವವರೆಗೂ ಕೆಲಸದ ಮಾತು ಬಿಟ್ಟು ಬೇರೇನೂ ಇಲ್ಲ. ಮೇಲೆ ಹೋದಮೇಲೆ ಅವರು ಮೈಕಿನಲ್ಲಿ ಪ್ರಯಾಣಿಕರಿಗೆ ಸ್ವಾಗತ ಹೇಳಿ ನನ್ನ ಕಡೆ ತಿರುಗಿದರು.

"ಮುಚ್ಚುಮರೆ ಬೇಡ. ಜನ ಜಾಸ್ತಿಯಾಗಿದ್ದಾರೆ. ಕೆಲವರನ್ನು ಹೊರಗೆ ಹಾಕಲೇಬೇಕು."

"ಅದಕ್ಕೆ ನಮ್ಮನ್ನೇ ಹಾಕುವುದಾ?" ಅಂದೆ.

"ಮೊದಲು ಯಾರು ಅನ್ನುವುದೇ ಪ್ರಶ್ನೆ. ಕೊನೆಗೆ ಬಂದವರು ಮೊದಲು ಹೋಗಬೇಕು."

"ಯಾವಾಗ ಹಾಕುತ್ತೀರಿ?"

"ತೀರ್ಮಾನ ಇನ್ನೂ ಆಗಿಲ್ಲ."

ಅಷ್ಟರಲ್ಲಿ ಕ್ಯಾಬಿನ್‌ನಿಂದ ಕರೆ ಬಂತು. ಗಗನಸಖಿ ಗಡಿಬಿಡಿಯಲ್ಲಿ ಹೇಳಿದಳು: "ಕ್ಯಾಪ್ಟನ್, ದಯವಿಟ್ಟು ಮೈಕ್ ಆಫ್ ಮಾಡಿ. ನೀವಿಬ್ಬರೂ ಆಡಿದ್ದೆಲ್ಲ ಇಡೀ ವಿಮಾನಕ್ಕೆ ಕೇಳಿಸಿದೆ!"

ನಾನು ತಟ್ಟನೆ ಮೈಕ್ ಆಫ್ ಮಾಡಿದೆ. ಪದಾಧಿಕಾರಿ ತಡವರಿಸುತ್ತಾ, "ಜನ... ಹೇಗಿದ್ದಾರೆ?" ಅಂದರು.

"ಕೆಲವರು ಅಳುತ್ತಿದ್ದಾರೆ. ಮೊದಲನೇ ಸಾಲಿನ ಅಜ್ಜಿಯೊಬ್ಬರು ಮಾತ್ರ ನಿಮಗೆ ಹೇಳಿಕಳಿಸಿದ್ದಾರೆ: ಅವರು ವಿಮಾನ ಹತ್ತಿದ್ದು ಎಲ್ಲರಿಗಿಂತ ಮೊದಲಂತೆ, ಬೇಕಾದರೆ ಸಾಕ್ಷಿ ಕೊಡಿಸುತ್ತಾರಂತೆ!"