ಮಸಿಯಾಗದ ಚೀಲಗಳು

ಹೊಸ ವಸ್ತುವನ್ನು ಹೊಸದಾಗಿಯೇ ಉಳಿಸಿಕೊಳ್ಳುವುದರಲ್ಲಿ ನಮ್ಮ ಚಿಕ್ಕಪ್ಪನನ್ನು ಮೀರಿಸುವವರು ಚಿಕ್ಕಜಾಲದಿಂದ ಯಶವಂತಪುರದವರೆಗೆ ಹುಡುಕಿದರೂ ಸಿಗಲಾರರು. ಸಿಕ್ಕರೆ ದಯವಿಟ್ಟು ನಮಗೆ ತಿಳಿಸಬೇಡಿ, ಒಬ್ಬರನ್ನು ಸಹಿಸಿಕೊಂಡೇ ಸಾಕಾಗಿದೆ! ಅವರ ಸೋಫಾಕ್ಕೆ ಅಂಗಡಿಯಿಂದ ಬಂದ ದಿನದ ಪ್ಲಾಸ್ಟಿಕ್ ಕವರು ಇನ್ನೂ ಹಾಗೇ ಇದೆ. ಬೇಸಿಗೆಯಲ್ಲಿ ಅದರ ಮೇಲೆ ಕೂತವರು ಏಳುವಾಗ ಅರ್ಧ ಚರ್ಮವನ್ನು ಅಲ್ಲೇ ಬಿಟ್ಟು ಏಳಬೇಕು. ರಿಮೋಟಿಗೆ ಕವರು, ಫ್ರಿಜ್ಜಿನ ಹಿಡಿಗೆ ಕವರು. ಒಮ್ಮೆ ಮಳೆಯಲ್ಲಿ ತೊಪ್ಪೆಯಾಗಿ ಸಂಜಯನಗರದ ನಮ್ಮ ಮನೆಗೆ ಬಂದರು. ನೋಡಿದರೆ, ಛತ್ರಿ ಅಂಗಿಯೊಳಗೆ ಭದ್ರವಾಗಿದೆ!

"ಬಿಚ್ಕೊಳ್ಳೋದಲ್ವಾ ಚಿಕ್ಕಪ್ಪಾ?"

"ಒಸಾ ಛತ್ರಿ ಕಣವ್ವಾ, ನೆಂದೋಗ್ತದೆ!"

ಇಂಥವರು ಹೊಟ್ಟೆಪಾಡಿಗೆ ಆರಿಸಿಕೊಂಡ ಕಸುಬು ಯಾವುದು ಗೊತ್ತೇ? ಏರ್‌ಪೋರ್ಟ್ ರಸ್ತೆಯ ಹೋಟೆಲುಗಳ ಬೆಡ್‌ಶೀಟು, ಟವೆಲ್ಲು ಒಗೆಯುವ ಕಾರ್ಖಾನೆ. ಅಪ್ಪ, ಚಿಕ್ಕಪ್ಪ ಇಬ್ಬರೂ ದ್ರಾಕ್ಷಿ ಬೆಳೆದಿದ್ದ ಜಮೀನಿನಲ್ಲೇ ಈಗ ಒಗೆಯಲು ನೀರು ಕಾಯಿಸುವ ಬಾಯ್ಲರು ಕೂತಿದೆ. ನೀಲಗಿರಿ ಸೌದೆ ಅದರ ಊಟ, ಸೌದೆ ಹಸಿಯಾಗಿದ್ದ ದಿನ ಮೇಲೆ ಒಂದಿಷ್ಟು ಕಲ್ಲಿದ್ದಲು. ಮುಂದಿನ ಬಾಗಿಲಿನಿಂದ ಹಾಲಿನಂಥ ಬಿಳಿ ಬಟ್ಟೆ ಹೋಗುತ್ತದೆ, ಮೇಲಿನ ಚಿಮಣಿಯಿಂದ ಕಾಡಿಗೆಯಂಥ ಹೊಗೆ ಹೋಗುತ್ತದೆ. ಹೊಗೆ ಸುಮ್ಮನೆ ಹೋಗುತ್ತದೆಯೇ? ಒಣಹಾಕಿದ ಬೆಡ್‌ಶೀಟಿನ ಮೇಲೆ ಇಳಿಯುತ್ತದೆ. ಚಿಕ್ಕಪ್ಪ ಅದನ್ನು ಮತ್ತೆ ಒಗೆಸುತ್ತಾರೆ, ಒಗೆಯಲು ಮತ್ತೆ ಬೆಂಕಿ ಹಾಕಿಸುತ್ತಾರೆ. ತಮ್ಮ ಕಾರ್ಖಾನೆಗೆ ತಾವೇ ಕಾಯಂ ಗಿರಾಕಿ!

ಮನೆ ಇರುವುದು ಕಾರ್ಖಾನೆಯ ಬೆನ್ನಿಗೇ. ಬಟ್ಟೆಯ ಮೇಲೆ ಇಳಿಯದ ಹೊಗೆ ಚಿಕ್ಕಮ್ಮನ ಅಡುಗೆಮನೆಗೆ ಬರುತ್ತದೆ. ಚಿಕ್ಕಮ್ಮನಿಗೆ ಕೆಮ್ಮು. ಅಂಥಿಂಥ ಕೆಮ್ಮಲ್ಲ, ಒಗ್ಗರಣೆ ಹಾಕುತ್ತಾ ಹಾಕುತ್ತಾ ಗೋಡೆ ಹಿಡಿದು ನಿಂತುಬಿಡುವಂಥ ಕೆಮ್ಮು. ಚಿಕ್ಕಪ್ಪ ಅದರ ಕಾರಣವನ್ನು ಬಹಳ ಶ್ರಮಪಟ್ಟು ಹುಡುಕಿದರು. ಮೊದಲು ಮೊಸರು ಬಿಡಿಸಿದರು. ಆಮೇಲೆ ಫ್ಯಾನು ನಿಲ್ಲಿಸಿದರು. ಹಿತ್ತಲಿನ ನುಗ್ಗೆಮರದ ಹೂವಿನ ಮೇಲೂ ಅನುಮಾನಪಟ್ಟು ಮರವನ್ನೇ ಕಡಿಸಿದರು. ಆ ಮರವಿದ್ದ ಜಾಗದಲ್ಲಿ ನಿಂತು ತಲೆಯೆತ್ತಿದರೆ ಕಾಣುವುದು ಚಿಮಣಿ! ಅದರ ಕಡೆ ಮಾತ್ರ ಅವರ ಕತ್ತು ತಿರುಗಲಿಲ್ಲ.

ಪಕ್ಕದಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಅಲ್ಲಿಯವರು ಬಾಲ್ಕನಿಯ ಪರದೆಗೆ ಮಸಿ ಹಿಡಿದ ಫೋಟೋಗಳನ್ನು ಇವರ ವಾಟ್ಸಾಪಿಗೆ ಕಳಿಸತೊಡಗಿದರು. ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ನಮ್ಮವರು ಉತ್ತರ ಬರೆದರು: "ನಮ್ಮಲ್ಲೇ ಕೊಡಿ ಸಾರ್, ಒಸಾದ್ರಂಗೆ ಒಗ್ದು ಕೊಡ್ತೀವಿ." ಆಮೇಲೆ ದೂರುಗಳು ಇವರಿಗೆ ಬರಲಿಲ್ಲ, ನೇರವಾಗಿ ಸರ್ಕಾರಕ್ಕೆ ಹೋದವು.

ನೋಟಿಸು ಬಂತು. ಹೊಗೆಯಲ್ಲಿನ ಮಸಿ, ಬೂದಿ ಹಿಡಿಯುವ ಯಂತ್ರ ಹಾಕಿಸಲೇಬೇಕಾಯಿತು. ಬೀರುವಿನಂಥ ದೊಡ್ಡ ಕಬ್ಬಿಣದ ಪೆಟ್ಟಿಗೆ, ಒಳಗೆ ಸಾಲಾಗಿ ತೂಗುಬಿಟ್ಟ ಉದ್ದುದ್ದ ಬಿಳೀ ಬಟ್ಟೆಯ ಚೀಲಗಳು. ಹೊಗೆ ಚೀಲದೊಳಗಿಂದ ಸೋಸಿ ಹೋಗಬೇಕು, ಮಸಿ ಚೀಲದ ಮೇಲೆ ಉಳಿಯಬೇಕು. ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಪೂಜೆಯಾಯಿತು. ಯಂತ್ರ ಕೂರಿಸಿದವನು ಬಿಡಿಸಿ ಹೇಳಿದ: "ಬೆಂಕಿ ಹಚ್ಚೋವಾಗ ಮಾತ್ರ ಹೊಗೇನ ಪಕ್ಕದ ಪೈಪಿಗೆ ಬಿಡಿ ಸಾರ್. ಉರಿ ಹತ್ತಿದ್ಮೇಲೆ ಈ ಹಿಡಿ ತಿರುಗಿಸಿ ಚೀಲಕ್ಕೆ ಬಿಡಿ."

ಚಿಕ್ಕಪ್ಪ ತಲೆಯಾಡಿಸಿದರು. ಅವನು ಅತ್ತ ಹೋದದ್ದೇ ತಡ, ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿದರು. ಹೊಗೆ ಪಕ್ಕದ ಪೈಪಿನಲ್ಲೇ ನೇರ ಚಿಮಣಿಗೆ ಹೋಗುತ್ತಿತ್ತು.

"ಚಿಕ್ಕಪ್ಪಾ, ಹಿಡಿ ತಿರುಗಿಸ್ಲಿಲ್ವಲ್ಲ?"

"ಲೇ, ಅಷ್ಟು ಬೆಳ್ಳಗಿರೋ ಚೀಲ! ಮಸಿ ಆಗಾಕಿಲ್ವಾ?"

ಇದಕ್ಕೆ ಏನು ಹೇಳುತ್ತೀರಿ?

ತಪಾಸಣೆಗೆ ಅಧಿಕಾರಿ ಬಂದರು, ಗಂಭೀರ ಮುಖದ ಹೆಂಗಸು. ಚಿಕ್ಕಪ್ಪ ತಾವೇ ಮುಂದಾಗಿ ಕವರು ಬಿಚ್ಚಿ, ಬಾಗಿಲು ತೆಗೆದು, ಮದುವೆ ಮನೆಯಲ್ಲಿ ಒಡವೆ ತೋರಿಸುವಂತೆ ಚೀಲಗಳನ್ನು ತೋರಿಸಿದರು.

"ಯಾವಾಗ ಹಾಕ್ಸಿದ್ದು?"

"ಓದ್ವರ್ಷ ಮೇಡಂ. ಎಂಗಿಟ್ಕೊಂಡಿವ್ನಿ ನೋಡಿ! ಒಂದು ಚುಕ್ಕೆ ಮಸಿ ತೋರ್ಸಿ ನೋಡಣ!"

ಆಕೆ ಚೀಲವನ್ನು ಬೆರಳಿನಿಂದ ಒಮ್ಮೆ ಒರೆಸಿ ನೋಡಿದರು. "ಮಸಿ ಇಲ್ದೇ ಇರೋದೇ ನಿಮ್ಮ ತಪ್ಪು ಕಣ್ರೀ" ಎಂದು ಎದುರಿಗೇ ಹಿಡಿ ತಿರುಗಿಸಿದರು. ಇನ್ನೊಂದು ಸಲ ಚೀಲ ಬೆಳ್ಳಗೆ ಕಂಡರೆ ಕಾರ್ಖಾನೆಗೆ ಬೀಗ ಎಂದು ಎಚ್ಚರಿಸಿ ಹೋದರು. ಅವರ ಜೀಪು ರಸ್ತೆಯ ತಿರುವು ದಾಟುವಷ್ಟು ಹೊತ್ತು ಚಿಕ್ಕಪ್ಪ ಕಾನೂನಿಗೆ ಮರ್ಯಾದೆ ಕೊಟ್ಟರು. ಆಮೇಲೆ ಹಿಡಿಯನ್ನು ಹಿಂದಕ್ಕೆ ತಿರುಗಿಸಿದರು!

ಆ ವಾರವೇ ಚಿಕ್ಕಮ್ಮ ನೀರಿನ ಕೊಡ ಎತ್ತಲು ಹೋಗಿ ಉಸಿರು ಸಿಗದೆ ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತರು. ತುಟಿ ನೀಲಿಯಾಗಿತ್ತು. ಈ ಹೊಗೆಯಲ್ಲೇ ಇದ್ದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ಮಾರನೆಯ ದಿನ ಚಿಕ್ಕಮ್ಮ ಆರ್.ಟಿ. ನಗರದ ಅಕ್ಕನ ಮನೆಗೆ ಹೊರಟರು. ಜನ ಒಳ್ಳೆಯ ಗಾಳಿಗೆಂದು ಊರ ಕಡೆ ಬರುತ್ತಾರೆ, ನಮ್ಮ ಚಿಕ್ಕಮ್ಮ ಒಳ್ಳೆಯ ಗಾಳಿಗೆಂದು ಬಸ್ಸು ಆಟೋಗಳ ನಡುವೆ ಹೋದರು! ಹೊರಡುವಾಗ ಬಾಗಿಲಲ್ಲಿ ನಿಂತು, ಬಿಟ್ಟುಬಿಟ್ಟು ಉಸಿರೆಳೆದುಕೊಳ್ಳುತ್ತಾ, ಗಂಡನಿಗೆ ಹೇಳಿದರು: "ಈ ಮನೇಲಿ ಕವರ್ ಹಾಕ್ದೆ ಬಿಟ್ಟಿರೋದು ನನ್ನೊಬ್ಬಳನ್ನೇ ಕಣ್ರೀ. ಚೀಲ ಚೆನ್ನಾಗಿ ನೋಡ್ಕೊಳ್ಳಿ. ನಾನಿನ್ನು ಬರಾಕಿಲ್ಲ."

ಅವತ್ತೇ ಚಿಕ್ಕಪ್ಪ ಹಿಡಿಯನ್ನು ಚೀಲದ ಕಡೆ ತಿರುಗಿಸಿದರಂತೆ.

ಸುಮಾರು ದಿನಗಳ ಮೇಲೆ ಒಂದು ಭಾನುವಾರ ನಾನು ಹೋದೆ. ಬಾಯ್ಲರು ತಣ್ಣಗಿತ್ತು. ಚಿಕ್ಕಪ್ಪ ಪೆಟ್ಟಿಗೆಯ ಬಾಗಿಲು ತೆಗೆದುಕೊಂಡು ಮುಂದೆ ನಿಂತಿದ್ದರು. ಚೀಲಗಳು ಗುರುತು ಸಿಗದಷ್ಟು ಕಪ್ಪಾಗಿದ್ದವು. ಕೆಳಗಿನ ಡ್ರಮ್ಮಿನ ತುಂಬ ಮಸಿ ಬೂದಿ. ಚಿಕ್ಕಪ್ಪನ ಬಿಳಿ ಅಂಗಿಯ ತೋಳು, ಮುಖ, ಹಣೆ ಎಲ್ಲಾ ಕಪ್ಪು. ದಾರಿಯುದ್ದಕ್ಕೂ ನಾನು ಒಂದು ಒಳ್ಳೆಯ ಕುಹಕ ತಯಾರು ಮಾಡಿಕೊಂಡು ಬಂದಿದ್ದೆ. ಅವರು ಡ್ರಮ್ಮಿನಿಂದ ಒಂದು ಹಿಡಿ ಮಸಿ ತೆಗೆದು ನನ್ನ ಮುಂದೆ ಹಿಡಿದರು.

"ಇದೆಲ್ಲಾ ಅವಳ ಎದೆಗೋಗ್ತಿತ್ತೇನವ್ವಾ?"

ಕುಹಕ ಮರೆತೇಹೋಯಿತು. ನನಗೆ ಅವರ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ನನ್ನ ಫೋನಿನಿಂದ ಚಿಕ್ಕಮ್ಮನಿಗೆ ಕರೆ ಮಾಡಿ ಅವರ ಕೈಗೆ ಕೊಟ್ಟೆ.

"ನೋಡಮ್ಮೀ, ನಿನ್ನ ಬಾ ಅಂತ ಕರೀತಿಲ್ಲ" ಎಂದರು ಚಿಕ್ಕಪ್ಪ. "ಇನ್ನೂ ಒಂದಷ್ಟು ದಿನ ಅಲ್ಲೇ ಇರು. ಇಲ್ಲಿ ಗಾಳಿ ಪೂರಾ ಚೊಕ್ಕ ಆಗ್ಲಿ. ಆಮೇಲೆ ನೀನು ಬರ್ತೀನಂದ್ರೆ ನಾನೇ ಬತ್ತೀನಿ ಕರ್ಕಳಾಕೆ. ಮೈಯೆಲ್ಲಾ ಮಸಿ ಆಗೈತೆ ಕಣೇ, ಅಂಗಿಯೆಲ್ಲಾ ಓಯ್ತು."

ಆ ಕಡೆಯಿಂದ ಚಿಕ್ಕಮ್ಮ ನಗುವುದು ನನಗೂ ಕೇಳಿಸಿತು. ಬಹಳ ಹೊತ್ತು ನಕ್ಕರು. ನಗು ಮುಗಿಯುವವರೆಗೂ ಒಂದು ಸಲವೂ ಕೆಮ್ಮು ಬರಲಿಲ್ಲ. ಚಿಕ್ಕಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಕೆಳಗೆ ಚೆಲ್ಲಿದ್ದ ಬೂದಿಯಲ್ಲೇ ಕೂತು, ಅತ್ತುಬಿಟ್ಟರು.