ಹೊಗೆಯಿಲ್ಲದ ತಿಥಿ

ಬದರೀನಾರಾಯಣರ ಮುತ್ತಜ್ಜ ರಾಘಪ್ಪನವರು ರೈಲು ಹಳಿಯ ಕೆಳಗೆ ಹಾಸಲು ಇಡೀ ಗುಡ್ಡದ ಮರ ಕಡಿಸಿ ಗುಡ್ಡಕ್ಕೇ ಮುಂಡನ ಮಾಡಿಸಿದವರು. ಅಜ್ಜ ವೆಂಕೋಬರಾಯರು ಅದೇ ಹಳಿಯ ಮೇಲೆ ಇಪ್ಪತ್ತೆಂಟು ವರ್ಷ ಎಂಜಿನ್ನಿನ ಬಾಯಿಗೆ ಕಲ್ಲಿದ್ದಲಿನ ತುತ್ತು ಇಟ್ಟವರು. ಅಪ್ಪ ಗುರಾಚಾರ್ಯರು ಊರಿಗೇ ಮೊದಲ ಡೀಸೆಲ್ ಗಿರಣಿ ತಂದವರು. ಅದರ ಹೊಗೆ ಕಂಡೇ ಮೂರು ಹಳ್ಳಿಯ ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಕಾಶಿಗೆ ಬಂದ ಆರು ವರ್ಷದಲ್ಲಿ ಬದರೀನಾರಾಯಣರು ಈ ಕಥೆಯನ್ನು ದಶಾಶ್ವಮೇಧ ಘಾಟಿನ ಮೆಟ್ಟಿಲುಗಳಿಗೂ ಬಾಯಿಪಾಠ ಮಾಡಿಸಿದ್ದರು.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟರೂ ಓದು ಬಿಟ್ಟವರಲ್ಲ. ಭೂಮಿ ಯಾಕೆ ಕಾಯುತ್ತಿದೆ ಎಂಬ ಪುಸ್ತಕವೊಂದು ಕೈಗೆ ಬಂತು. ಕಾಡು ಕಡಿದದ್ದು, ಕಲ್ಲಿದ್ದಲು ಸುಟ್ಟದ್ದು, ಡೀಸೆಲ್ ಉರಿಸಿದ್ದು. ಆ ಹೊಗೆಯೇ ಕಂಬಳಿಯಾಗಿ ಭೂಮಿಗೆ ಬೆವರಿಳಿಸುತ್ತಿದೆ. ಓದುತ್ತ ಹೋದಂತೆ ಅವರಿಗೆ ತಮ್ಮ ವಂಶವೃಕ್ಷವನ್ನೇ ಯಾರೋ ಅಚ್ಚು ಹಾಕಿದ್ದಾರೆನಿಸಿತು.

"ಗೋದಾ, ಈ ಸಲ ಅಪ್ಪನ ತಿಥಿ ಹೊಗಿ ಇಲ್ಲದ ಆಗ್ತದ. ಸೂರ್ಯನಾರಾಯಣನೇ ಅಡಿಗಿ ಮಾಡ್ತಾನ."

"ಅಂವಗ ಉಪ್ಪು ಎಷ್ಟು ಹಾಕಬೇಕಂತ ಹೇಳೀರೇನು?" ಎಂದರು ಹೆಂಡತಿ ಗೋದಾಬಾಯಿ.

ತಗಡಿನ ಟ್ರಂಕಿಗೆ ಒಳಗೆ ಕಪ್ಪು ಬಳಿದು, ಮೇಲೆ ಗಾಜು ಹಾಕಿ, ಕಪಾಟಿನ ಕನ್ನಡಿ ಕಿತ್ತು ನಿಲ್ಲಿಸಿ ಸೌರ ಒಲೆ ಸಿದ್ಧಪಡಿಸಿದರು. ಹೆಂಡತಿಯ ಮನಸ್ಸು ಚಂಚಲವಾಗದಿರಲೆಂದು ಗ್ಯಾಸ್ ಸಿಲಿಂಡರನ್ನು ಕೆಳಮನೆಯ ಕಾತ್ಯಾಯನಿಯ ವಶಕ್ಕೆ ಕೊಟ್ಟರು. ತಿಥಿಯ ದಿನ ಅವಳು ಮನೆಗೆ ಬೀಗ ಹಾಕಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ನೆಂಟರನ್ನು ಕರೆತರಲು ಹೋದಳು.

ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಹನ್ನೆರಡೂವರೆಗೆ ಅನ್ನ ಅರಳತೊಡಗಿತ್ತು. ಆಗ ಮಾಳಿಗೆಗೆ ಗಡವ ಕೋತಿಯೊಂದು ಬಂದು ಕನ್ನಡಿ ನೋಡಿತು. ಒಳಗೂ ಒಂದು ಕೋತಿ. ಇದು ಹಲ್ಲು ಕಿರಿದರೆ ಅದೂ ಕಿರಿಯಿತು. ಮರುಕ್ಷಣ ಕನ್ನಡಿ ಚೂರು, ಟ್ರಂಕು ಬೋರಲು, ಅನ್ನವೆಲ್ಲ ನೆಲದ ಪಾಲು.

ಪುರೋಹಿತ ಪವಮಾನಾಚಾರ್ಯರು ದರ್ಭೆ ಹಿಡಿದು ಎದ್ದು ನಿಂತರು.

"ರಾಯರ, ಮೂರೂವರಿಗೆ ಅಪರಾಹ್ನ ಮುಗೀತದ. ಅಷ್ಟರಾಗ ಪಿಂಡ ಇಡದಿದ್ರ ನಿಮ್ಮ ಅಪ್ಪ ಉಪವಾಸ ಹೊಳ್ಳಿ ಹೋಗ್ತಾರ."

"ಸಿಲಿಂಡರ್ ಎಲ್ಲದ?" ಎಂದರು ಗೋದಾಬಾಯಿ, ಗೊತ್ತಿದ್ದೂ.

ಬದರೀನಾರಾಯಣರು ಕೆಳಗಿಳಿದು ಕಾತ್ಯಾಯನಿಯ ಮನೆಯ ಬೀಗ ಜಗ್ಗಿ ನೋಡಿದರು. ಬದುಕಿದ್ದಾಗ ಅಪ್ಪ ಹಸಿವು ತಡೆದವರಲ್ಲ. ಅರ್ಧ ಗಂಟೆ ತಡವಾದರೆ ತಟ್ಟೆ ಅಂಗಳದಲ್ಲಿ ಬೀಳುತ್ತಿತ್ತು. ಎರಡಾಯಿತು. ಮಡಿಪಂಚೆಯಲ್ಲೇ ಗಲ್ಲಿಗೆ ಓಡಿದರು. ಎದುರಿನ ಚಹಾ ಅಂಗಡಿಯ ಓಂಕಾರ್, ಯಾರೂ ಮುಟ್ಟದ ಹೊಸ ಮಣ್ಣಿನ ಒಲೆ ತೋರಿಸಿದ.

"ಕೋರಾ ಹೈ ಬಾಬೂಜಿ. ಲೇಕಿನ್ ಗ್ಯಾಸ್‌ವಾಲಾ ನಹೀಂ, ಕೋಯಲೇವಾಲಾ ಹೈ."

ಕಲ್ಲಿದ್ದಲು. ಬದರೀನಾರಾಯಣರು ಕಣ್ಣು ಮುಚ್ಚಿ, ಅಜ್ಜ ವೆಂಕೋಬರಾಯರನ್ನು ನೆನೆದು, ಒಲೆ ಎತ್ತಿಕೊಂಡರು.

ಹೊತ್ತಿಸುವಷ್ಟರಲ್ಲಿ ಎರಡೂವರೆ. ಹೊಗೆ ಮಾಳಿಗೆ ತುಂಬಿ ಗಲ್ಲಿಗೆ ಇಳಿಯಿತು. ಕೋತಿಗಳು ಕೆಮ್ಮುತ್ತ ಓಡಿದವು. ಪವಮಾನಾಚಾರ್ಯರು ಹೊಗೆಯೊಳಗಿಂದ ಹೊತ್ತು ಕೂಗಿ ಹೇಳುತ್ತಿದ್ದರು. ಮೂರು. ಮೂರು ಹತ್ತು. ಅನ್ನ ಕುದಿಯಿತು. ಮೂರು ಇಪ್ಪತ್ತೈದಕ್ಕೆ ಪಿಂಡ ಇಟ್ಟರು. ಇಟ್ಟಿದ್ದೇ ತಡ, ಆ ಕಪ್ಪಿನೊಳಗಿಂದ ಒಂದು ಕಾಗೆ ನೇರ ಬಂದು ಮುಟ್ಟಿತು.

"ನೋಡ್ರಿ, ಮಾವನವರು ಹೊಗಿ ನೋಡೇ ಮನಿ ಗುರ್ತು ಹಿಡಿದ್ರು" ಎಂದರು ಗೋದಾಬಾಯಿ.

ಬ್ರಾಹ್ಮಣರ ಊಟಕ್ಕೆ ಪಾಯಸ ಬಾಕಿಯಿತ್ತು. ಅಷ್ಟರಲ್ಲಿ ಕಾತ್ಯಾಯನಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಮಸಿ ಮೆತ್ತಿದ ಮುಖದಲ್ಲಿ ಬದರೀನಾರಾಯಣರು ಬೀಸಣಿಗೆ ಬೀಸುತ್ತ ಕೂತಿದ್ದರು.

"ಅಯ್ಯ, ಅಜ್ಜಾರ, ಇದೇನಿದು. ಸಿಲಿಂಡರ್ ತರ್ಲೇನು? ಇಲ್ಲಾ ಬೀಸಣಿಗಿಯರ ಇತ್ತ ಕೊಡ್ರಿ."

ಬದರೀನಾರಾಯಣರು ತಲೆ ಎತ್ತಲಿಲ್ಲ.

"ಬ್ಯಾಡವ್ವಾ. ಹೊಗಿ ಹಾಕೂದು ನಮ್ಮ ಮನಿತನದ ಕಸುಬು. ಇದಕ್ಕ ಹೊರಗಿನವರ ಸಹಾಯ ಬೇಕಾಗಂಗಿಲ್ಲ."